ಮೂರು ಮೂಲೆಯ ಕುಂಕುಮ

ಗೋಡೆಗೊಂದು ಮೊಳೆ ಹೊಡೆಯುವುದು ಜಗತ್ತಿನ ಅತಿ ಸುಲಭದ ಕೆಲಸವೆಂದು ತಿಳಿದವರು ಅಮೆರಿಕದ ಏಪೆಕ್ಸ್ ಊರಿನ ನಮ್ಮ ಮನೆಗೆ ಬಂದು ನೋಡಬೇಕಿತ್ತು. ಮನೆ ಕೊಂಡು ನಾಲ್ಕು ವರ್ಷವಾದರೂ, ವೀಸಾ ಒಂದು ಸ್ಥಿತಿಗೆ ಬರಲಿ ಆಮೇಲೆ ನೋಡೋಣ ಎನ್ನುತ್ತ ಒಂದೂ ಮೊಳೆ ಹೊಡೆಯದ ನಾನು, ಬಂದವರೆದುರು ಅದನ್ನು ಅಭಿರುಚಿಯ ಸರಳತೆಯೆಂದು ಹೇಳಿಕೊಳ್ಳುತ್ತಿದ್ದೆ. ಅಳುಕಿಗೆ ಸೌಂದರ್ಯಶಾಸ್ತ್ರದ ಶಾಲು ಹೊದಿಸುವುದರಲ್ಲಿ ನನ್ನದು ಪಳಗಿದ ಕೈ.

ಈ ಬೋಳು ಗೋಡೆ ಕಣ್ಣಿಗೆ ಬಿದ್ದದ್ದು ಪಕ್ಕದ ಮನೆಯ ಕೇಕೊ ಆಂಟಿಗೆ. ಗಂಡ ತೀರಿಕೊಂಡ ಮೇಲೆ ಮನೆ ಮಾರಿ ಹತ್ತಿರದ ರಾಲಿ ನಗರದ ಸಣ್ಣ ಅಪಾರ್ಟ್‌ಮೆಂಟಿಗೆ ಹೊರಟಿದ್ದ ಅವರು, ತಮ್ಮ ಅಜ್ಜನ ಕಾಲದ ಎರಡು ಜಪಾನಿ ಚಿತ್ರಗಳಲ್ಲಿ ಒಂದನ್ನು ನನಗೆ ತಂದುಕೊಟ್ಟರು. ಸೇತುವೆ, ಮಳೆ, ಛತ್ರಿ ಹಿಡಿದು ದಾಟುವ ಇಬ್ಬರು. ಒಂದೊಂದು ಬಣ್ಣಕ್ಕೂ ಒಂದೊಂದು ಮರದ ಹಲಗೆ ಕೆತ್ತಿ, ಕಾಗದದ ಮೇಲೆ ಸಾಲಾಗಿ ಒತ್ತಿ ಮೂಡಿಸಿದ್ದಂತೆ. ಮರದ ಅಚ್ಚೆಂದರೆ ಸಂಕ್ರಾಂತಿಯ ಸಕ್ಕರೆ ಅಚ್ಚಲ್ಲದೆ ಬೇರೇನೂ ಹೊಳೆಯದ ನಾನು ಬಲ್ಲವನಂತೆ ತಲೆಯಾಡಿಸಿದೆ. ಬಿಸಿಲು ತಾಗದಿರಲಿ, ಹೆಚ್ಚು ಮುಟ್ಟಬೇಡಿ, ಫ್ರೇಮ್ ಹಾಕಿಸಿದ ಮೇಲೆ ಕರೆಯಿರಿ, ಬಂದು ನೋಡುತ್ತೇನೆ ಎಂದರು. ಇನ್ನೊಂದನ್ನು ಯಾರ ಕೈಗೊಪ್ಪಿಸುವುದೆಂದು ಆಮೇಲೆ ತೀರ್ಮಾನಿಸುತ್ತಾರಂತೆ.

ಚಿತ್ರವನ್ನು ಊಟದ ಮೇಜಿನ ಮೇಲಿಟ್ಟು ಮೀಟಿಂಗಿಗೆ ಕೂತೆ. ಎದ್ದು ಬರುವಷ್ಟರಲ್ಲಿ, ಮೈಸೂರಿನಿಂದ ಆರು ತಿಂಗಳಿಗೆಂದು ಬಂದಿದ್ದ ಅಮ್ಮ ಅದರ ಮೂರು ಮೂಲೆಗಳಿಗೆ ಕುಂಕುಮ ಇಟ್ಟಾಗಿತ್ತು.

“ಏನಮ್ಮ ಮಾಡ್ಬಿಟ್ಟೆ? ಅದನ್ನ ಟಚ್ ಮಾಡ್ಬಾರ್ದಂತೆ.”

“ಶುಕ್ರವಾರ ಹೊಸದು ಮನೆಗೆ ಬಂದಿದೆ, ಹಾಗೇ ಇಡೋದೇನೋ? ಒಂದು ಮೂಲೇಲಿ ಅವರೇ ಇಟ್ಟಿದ್ರು. ಮಿಕ್ಕ ಮೂರಕ್ಕೆ ನಾನಿಟ್ಟೆ.”

ನೋಡಿದರೆ, ನಾಲ್ಕನೆಯ ಮೂಲೆಯಲ್ಲಿ ಚಿತ್ರಕಾರನ ಕೆಂಪು ಮುದ್ರೆ. ಲಗ್ನಪತ್ರಿಕೆಯ ಮೂಲೆಗಳಿಗೆ ಅರಿಶಿನ ಹಚ್ಚಿ ಹಚ್ಚಿ ಪಳಗಿದ ಬೆರಳಿಗೆ ಅದು ಅರ್ಧಕ್ಕೆ ನಿಂತ ಶಾಸ್ತ್ರವಾಗಿ ಕಂಡಿದ್ದರೆ, ನೀವೇ ಹೇಳಿ, ತಪ್ಪು ಯಾರದು?

ಆದರೂ ಮೂರು ತಲೆಮಾರು ಜೋಪಾನ ಮಾಡಿದ್ದನ್ನು ಮೂರು ಗಂಟೆ ಕಾಪಾಡಲಾರದವನು ಕೇಕೊ ಆಂಟಿಗೆ ಹೇಗೆ ಮುಖ ತೋರಿಸಲಿ? ಅಗಲವಾದ ರಟ್ಟಿನ ಅಂಚು ಕೊಟ್ಟರೆ ಚುಕ್ಕೆಗಳು ಮುಚ್ಚಿಹೋಗುತ್ತವೆ ಎಂದ ಫ್ರೇಮಿನ ಅಂಗಡಿಯವನು. ಬೇಡವೆಂದೆ. ಪ್ರಾಮಾಣಿಕತೆಯಿಂದಲ್ಲ, ಅಮ್ಮ ಪಕ್ಕದಲ್ಲೇ ನಿಂತಿದ್ದಳು. ಮನೆಗೆ ಬಂದು, ಬಿಸಿಲು ಬೀಳದ ಗೋಡೆ ಹುಡುಕಿ, ನನ್ನ ಅಮೆರಿಕ ವಾಸದ ಮೊದಲ ಮೊಳೆ ಹೊಡೆದೆ.

ಕೇಕೊ ಆಂಟಿ ಬಂದರು. ಕನ್ನಡಕ ಮೇಲೇರಿಸಿ ಬಹಳ ಹೊತ್ತು ನೋಡಿದರು. ನಾನು ತಡವರಿಸುತ್ತ ಎಲ್ಲವನ್ನೂ ಒಪ್ಪಿಸಿ ತಲೆ ತಗ್ಗಿಸಿದೆ. ಹಿಂದೆ ಇಂಥ ಚಿತ್ರ ಇಟ್ಟುಕೊಂಡವರು ಅದರ ಮೇಲೆ ತಮ್ಮದೂ ಒಂದು ಮುದ್ರೆ ಒತ್ತುತ್ತಿದ್ದುದುಂಟು, ಎಂದರು ಅವರು ಮೆಲ್ಲಗೆ. ಹಾಳಾದೀತೆಂಬ ಭಯಕ್ಕೆ ತಮ್ಮ ಅಜ್ಜನಿಗೂ ಅಪ್ಪನಿಗೂ ಮುದ್ರೆ ಒತ್ತಲು ಕೈ ಬಂದಿರಲಿಲ್ಲವಂತೆ. ತಾವೂ ಡ್ರಾಯರಿನಲ್ಲೇ ಇಟ್ಟು ಕಾಪಾಡಿದ್ದು. ಚಿತ್ರ ಗೋಡೆಯ ಮೇಲಿರುವುದನ್ನು ನೋಡುತ್ತಿರುವುದು ಇದೇ ಮೊದಲಂತೆ.

ಬಳಿಕ ಚೀಲದಿಂದ ಎರಡನೆಯ ಚಿತ್ರವನ್ನು ತೆಗೆದು, ನನಗಲ್ಲ, ಅಮ್ಮನಿಗೆ ಕೊಟ್ಟರು. ಅವರ ಇಂಗ್ಲಿಷ್ ಅಮ್ಮನಿಗೆ ಎಷ್ಟು ತಿಳಿಯಿತೋ, ಕುಂಕುಮದ ಭರಣಿ ತರಲು ಒಳಗೆ ಹೋದಳು. ನಾನು ಸುತ್ತಿಗೆ ತರಲು ಹೋದೆ. ವೀಸಾ ಇನ್ನೂ ಒಂದು ಸ್ಥಿತಿಗೆ ಬಂದಿರಲಿಲ್ಲ.