ಶುದ್ಧ ಹಳ್ಳಿಯ ರಕ್ತ

ರಕ್ತ ಹೀರುವ ಗಾಜಿನ ಕೊಳವೆ ಬೆಂಕಿಕಡ್ಡಿಗಿಂತ ತೆಳ್ಳಗಿತ್ತು. ಅದರೊಳಗೆ ನಮ್ಮೂರಿನ ಶುದ್ಧತೆಯನ್ನು ತುಂಬಿಕೊಂಡು ಹೋಗಲು ಹುಬ್ಬಳ್ಳಿಯಿಂದ ಡಾಕ್ಟರರೊಬ್ಬರು ಜೀಪಿನಲ್ಲಿ ಬಂದಿದ್ದರು.

ಎಂಬತ್ತರ ದಶಕದ ಮಾತು. ಗುಡಗೇರಿ ಸ್ಟೇಷನ್ನಿಗೆ ನಡೆದುಹೋಗುವಷ್ಟು ಹತ್ತಿರದ ಊರು ನಮ್ಮದು. ಮೋಟಾರು ಹೊಗೆಯಿಂದ ಪೇಟೆಯ ಮಕ್ಕಳ ರಕ್ತಕ್ಕೆ ಸೀಸ ಸೇರುತ್ತದೆ ಎಂದು ಡಾಕ್ಟರರು ಪ್ರಬಂಧ ಬರೆಯುತ್ತಿದ್ದರು. ಹೋಲಿಸಿ ನೋಡಲು ಅವರಿಗೊಂದು ಶುದ್ಧ ಹಳ್ಳಿ ಬೇಕಿತ್ತು. ನಮ್ಮಲ್ಲಿ ಕಾರ್ಖಾನೆ ಇರಲಿಲ್ಲ, ಬಸ್ಸು ಬಂದರೆ ಬಂತು. ಹೀಗಾಗಿ ಯಾವ ಪ್ರಯತ್ನವೂ ಇಲ್ಲದೆ ನಾವು ಶುದ್ಧರಾದೆವು. ಸಣ್ಣ ಮಕ್ಕಳ ಬೆರಳು ಚುಚ್ಚಿ ರಕ್ತ ಒಯ್ದರು. ಆಗ ನಾನು ಧಾರವಾಡದಲ್ಲಿ ರಸಾಯನಶಾಸ್ತ್ರದ ಕೊನೆಯ ಪರೀಕ್ಷೆ ಬರೆಯುತ್ತಿದ್ದೆ.

ನನ್ನ ಫಲಿತಾಂಶಕ್ಕಿಂತ ಮೊದಲೇ ಅವರದು ಬಂತು. ಹುಬ್ಬಳ್ಳಿಯ ಮಕ್ಕಳಿಗಿಂತ ಶುದ್ಧ ಹಳ್ಳಿಯ ಮಕ್ಕಳಲ್ಲೇ ಹೆಚ್ಚು ಸೀಸ. ಪಂಚಾಯತಿ ಕಟ್ಟೆಯ ಮೇಲೆ ಇದನ್ನು ಯಾರೂ ಕೆಟ್ಟ ಸುದ್ದಿ ಎಂದುಕೊಳ್ಳಲಿಲ್ಲ.

“ಹುಬ್ಬಳ್ಳೀನ ಹಿಂದ ಹಾಕೀವ ನೋಡ್ಲೇ!” ಎಂದರು ಚೇರ್ಮನ್ನರು. “ಸೀಸ ಅಂದ್ರ ಲೋಹ. ನಮ್ಮ ಹುಡುಗರು ಗಟ್ಟಿ ಅದಾವು ಅಂತ ಅರ್ಥ.”

ಹಾಗೆ ಗಟ್ಟಿಯಾದ ಮಗು ನಮ್ಮ ಮನೆಯಲ್ಲೂ ಒಂದಿತ್ತು. ಅಣ್ಣನ ಮಗಳು, ಮೂರು ವರ್ಷದವಳು. ಕೆಲವು ತಿಂಗಳಿಂದ ಹೊಟ್ಟೆ ಹಿಡಿದುಕೊಂಡು ಮುದುಡಿ ಬೀಳುತ್ತಿದ್ದಳು. ಉಂಡದ್ದು ಕಾರುತ್ತಿದ್ದಳು. ಮುಖ ಬಿಳಿಚಿತ್ತು, ಕಲಿತ ಮಾತುಗಳೂ ಒಂದೊಂದಾಗಿ ಬಿಟ್ಟುಹೋಗುತ್ತಿದ್ದವು. ಅವ್ವ ದೃಷ್ಟಿ ತೆಗೆದಿದ್ದಳು, ಊರಿನ ಕಾಂಪೌಂಡರ್ ಜಂತಿನ ಗುಳಿಗೆ ಕೊಟ್ಟಿದ್ದ. ಇಬ್ಬರಿಗೂ ತಮ್ಮ ತಮ್ಮ ವಿದ್ಯೆಯ ಮೇಲೆ ಪೂರ್ಣ ವಿಶ್ವಾಸ. ಹುಡುಗಿ ಮಾತ್ರ ಸಹಕರಿಸಲಿಲ್ಲ.

ಫಲಿತಾಂಶವನ್ನು ನಂಬಲಾರದೆ ಡಾಕ್ಟರರು ಎರಡನೆಯ ಸಲ ಬಂದರು. ಪರೀಕ್ಷೆ ಮುಗಿಸಿ ನಾನೂ ಆಗ ಊರಿನಲ್ಲಿದ್ದೆ. ಹನುಮಪ್ಪನ ಗುಡಿಯ ಮುಂದೆ ಪಾಳಿ ಹಚ್ಚಿದ ತಾಯಂದಿರ ನಡುವೆ ಅವ್ವ ಬಟ್ಟಲು ಹಿಡಿದು ಓಡಾಡುತ್ತಿದ್ದಳು. ಮೂರ್ತಿಗೆ ಹಚ್ಚುವ ಸಿಂಧೂರವನ್ನು ಎಣ್ಣೆಯಲ್ಲಿ ಕಲಸಿ ಕೊಡುವುದು ನಮ್ಮ ಮನೆತನದ ಸೇವೆ. ಅದನ್ನೇ ಪ್ರತಿ ಕೂಸಿನ ಹಣೆಗಿಷ್ಟು, ಚುಚ್ಚುವ ಬೆರಳಿಗಿಷ್ಟು ಹಚ್ಚುತ್ತಿದ್ದಳು.

“ಯವ್ವಾ, ಇದೇನ ಬೇ?” ಎಂದೆ.

“ಸೂಜಿಗೆ ಅಂಜಬಾರದಂತ. ಹ್ವಾದ ಸರ್ತೀನೂ ಹಚ್ಚಿದ್ದೆ. ಒಂದರ ಕೂಸು ಅತ್ತೈತೇನ ಕೇಳ.”

ಡಾಕ್ಟರರ ಸಹಾಯಕ ಒಂದೇ ಹತ್ತಿಯ ಉಂಡೆಯಿಂದ ಹಲವು ಬೆರಳು ಒರೆಸುತ್ತಿದ್ದ. ಸ್ಪಿರಿಟ್ಟು ಉಳಿಸುವ ಆತನ ಶ್ರದ್ಧೆ ಮೆಚ್ಚುವಂಥದು. ನಾನು ಡಾಕ್ಟರರ ಬಳಿ ಹೋಗಿ, ಆ ಸಿಂಧೂರ ಸೀಸದಿಂದಲೇ ಮಾಡಿದ್ದು, ಬೆರಳಿಗೆ ಮೆತ್ತಿದ್ದೇ ಕೊಳವೆಗೂ ಹೋಗಿರಬೇಕು ಎಂದೆ.

ಅವರ ಮುಖ ಅರಳಿತು. “ಅಂದ್ರ ರಕ್ತದೊಳಗ ಏನೂ ಇಲ್ಲ! ನಿಮ್ಮೂರು ಶುದ್ಧನ ಅದ!” ಪ್ರಬಂಧ ಬದುಕಿಕೊಂಡಿತು. ಹಳೆಯ ಫಲಿತಾಂಶವೆಲ್ಲ ರದ್ದು, ಪೆಟ್ಟಿಗೆ ಮುಚ್ಚು ಎಂದು ಸಹಾಯಕನಿಗೆ ಹೇಳಿದರು.

ಆಗ ನನ್ನ ಹಿಂದೆ ಮಗಳನ್ನೆತ್ತಿಕೊಂಡು ನಿಂತಿದ್ದ ಅತ್ತಿಗೆ ಬಾಯಿ ತೆರೆದಳು. ಅತ್ತೆಯ ಎದುರು ಅವಳು ಮಾತಾಡಿದ್ದು ನಾನು ಕೇಳಿಯೇ ಇರಲಿಲ್ಲ.

“ಇದು ಬಟ್ಟಲಾನ ಸಿಂಧೂರ ನೆಕ್ಕತೈತಲ್ರಿ. ಅತ್ತಿ ಕಲಸಾಕ ಕುಂತಾಗೆಲ್ಲಾ ಬಾಜೂಕ ಕುಂತು ನೆಕ್ಕತೈತಿ.”

ಹುಡುಗಿಯೊಬ್ಬಳದಾದರೂ ಸಿಂಧೂರ ತಾಗದ ತೋಳಿನ ನರದಿಂದ ರಕ್ತ ತೆಗೆಯಿರಿ ಎಂದು ನಾನು ಕೇಳಿಕೊಂಡೆ.

“ಹಳ್ಳಿ ಹುಡುಗರಿಗೆ ಜಂತು ಇರ್ತಾವ, ತಂಗಿ. ಗುಳಿಗಿ ಕೊಡ್ರಿ,” ಎಂದು ನನಗೆ ಹೇಳಿ ಡಾಕ್ಟರರು ಜೀಪು ಹತ್ತಿದರು. ಜೀಪು ಶುದ್ಧ ಹಳ್ಳಿಗೆ ಒಂದಿಷ್ಟು ಹೊಗೆ ದಾನ ಮಾಡಿ ಹೋಯಿತು.

ಮನೆಯಲ್ಲಿ ಅವ್ವ ನನಗಾಗಿಯೇ ಕಾದಿದ್ದಳು.

“ನಾಕ ಅಕ್ಷರ ಕಲತಿ ಅಂತ ಹನುಮಪ್ಪನ ಸಿಂಧೂರ ಇಸಾ ಆತೇನ? ಇದ ಕೈಲೆ ಕಲಸೇನಿ, ಇದ ಕೈಲೆ ನಿನ್ನ ಬೆಳಸೇನಿ. ನಿನಗೇನಾಗೇತಿ?”

“ನಾ ನೆಕ್ಕಲಿಲ್ಲ.”

“ನೆಕ್ಕಿದ್ರ ಬುದ್ಧಿಯರ ಬರ್ತಿತ್ತು.”

ಅಣ್ಣ ಎರಡೂ ಕಡೆ ತಲೆಯಾಡಿಸಿ ಹೊಲಕ್ಕೆ ಹೋದ. ಕುಟುಂಬದ ಶಾಂತಿ ಕಾಪಾಡುವುದರಲ್ಲಿ ಅವನಿಗೆ ಸಾಟಿಯಿಲ್ಲ. ಸಂಜೆ ಹುಡುಗಿ ಮತ್ತೆ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಹಣೆ ಒತ್ತಿ ಮುದುಡಿದಳು. ಈ ಸಲ ಅಳಲು ಕೂಡ ಶಕ್ತಿ ಇರಲಿಲ್ಲ. ಅವ್ವ ನೋಡಿದಳು. ದೃಷ್ಟಿ ತೆಗೆಯಲು ಏಳಲಿಲ್ಲ. ಅತ್ತಿಗೆ ರೊಟ್ಟಿ ಬಡಿಯುತ್ತಲೇ, ಯಾರ ಕಡೆಗೂ ತಿರುಗದೆ, “ಮೊದಲನೇ ಗಾಡಿ ಎಷ್ಟೊತ್ತಿಗೈತ್ರಿ?” ಎಂದು ಕೇಳಿದಳು.

ಮರುದಿನ ಬೆಳಿಗ್ಗೆ ಹುಡುಗಿಯ ಎರಡೂ ಕೈಗಳನ್ನು ಸಾಬೂನಿನಿಂದ ತೊಳೆದು, ಉಗುರು ಕತ್ತರಿಸಿದೆ. ಅತ್ತಿಗೆ, ನಾನು ಗುಡಗೇರಿಗೆ ನಡೆದು ಪ್ಯಾಸೆಂಜರ್ ಹಿಡಿದೆವು. ಹುಬ್ಬಳ್ಳಿಯಲ್ಲಿ ಅದೇ ಡಾಕ್ಟರರ ಕೋಣೆಯ ಬಾಗಿಲಿಗೆ ಹೋಗಿ, ಅವರು ಬರುವವರೆಗೆ ಹೊಸ್ತಿಲಿನ ಮೇಲೆಯೇ ಕುಳಿತೆ. ಅವರು ಬಂದಾಗ ನನ್ನನ್ನು ದಾಟದೆ ಒಳಗೆ ಹೋಗಲು ದಾರಿ ಇರಲಿಲ್ಲ. ಹುಡುಗಿಯನ್ನು ತೊಡೆಯ ಮೇಲೆ ಅವರ ಕಡೆಗೆ ತಿರುಗಿಸಿ ಕೂರಿಸಿಕೊಂಡು, ಅವಳ ಅಂಗಿಯ ತೋಳನ್ನು ಮೊಣಕೈ ಮೇಲಕ್ಕೆ ಮಡಚಿದೆ.