ಅನಾನಸ್ ಹಣ್ಣಾಗುವತನಕ

ಗುಳೇದಗುಡ್ಡದ ಬಾಳವ್ವನಿಗೆ ದಣಿವು ಮೊಣಕಾಲಿನಿಂದ ಶುರುವಾಗಿ ಮಾತಿಗೂ ಹತ್ತಿತ್ತು. ಪಡಸಾಲೆಯಲ್ಲಿ ಎರಡು ಕುಣಿಮಗ್ಗ. ಒಂದರಲ್ಲಿ ಗಂಡ ಯಮನೂರಪ್ಪ, ಇನ್ನೊಂದರಲ್ಲಿ ಅವಳು. ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು, ಕೆಳಗಿನ ಹಲಗೆ ತುಳಿಯುತ್ತ ಕುಪ್ಪಸದ ಖಣ ನೇಯ್ದು ನೇಯ್ದು, ಸಂಜೆ ಮೇಲೆ ಬರಲು ಗೋಡೆ ಹಿಡಿಯುವಂತಾಗಿತ್ತು. ಸಾಕಾಗಿತ್ತು ಅವಳಿಗೆ.

"ಇನ್ನ ನಾ ಕುಣ್ಯಾಗ ಇಳಿಯಂಗಿಲ್ಲರಿ" ಎಂದು ಅವಳು ಬಾಯಿಬಿಟ್ಟು ಹೇಳಿದ ದಿನ ಯಮನೂರಪ್ಪ ಬೈಯಲಿಲ್ಲ. ಬೈದಿದ್ದರೆ ಜಗಳವಾದರೂ ಆಗುತ್ತಿತ್ತು. ಅವತ್ತೇ ಸಂತೆಯಲ್ಲಿ ಹಣ್ಣು ಕೊಯ್ದು ಮಾರುವ ಜರೀನಾ, ಬಿಸಾಡಬೇಕಿದ್ದ ಅನಾನಸ್ ಜುಟ್ಟೊಂದನ್ನು ಬಾಳವ್ವನ ಚೀಲಕ್ಕೆ ಹಾಕಿ, "ಮಣ್ಣಾಗ ಹಚ್ಚವ್ವಾ, ಹಣ್ಣ ಬಿಡ್ತೈತಿ" ಎಂದಿದ್ದಳು. ಯಮನೂರಪ್ಪ ಅದನ್ನೇ ತೋರಿಸಿ, "ಇದು ಹಣ್ಣ ಬಿಡ್ಲಿ. ಅವತ್ತ ನೀ ಮಗ್ಗ ಬಿಡು" ಎಂದ. ಈ ಕಡೆಯ ಬಿಸಿಲಲ್ಲಿ ಅನಾನಸ್ ಬೆಳೆದದ್ದನ್ನು ಯಾರು ಕಂಡಿದ್ದಾರೆ? ಮಾತು ಕೊಟ್ಟಂತೆಯೂ ಆಯಿತು, ಕೊಡದಂತೆಯೂ ಆಯಿತು. ಗಂಡಸರ ಜಾಣತನ ಇದು. ಬಾಳವ್ವ ಮಾತ್ರ ಅದನ್ನು ಖರೆ ಎಂದೇ ಹಿಡಿದಳು.

ಮೊದಲನೆಯ ಜುಟ್ಟು ಅವಳ ಕೈಯಿಂದಲೇ ಸತ್ತಿತು. ನೂಲಿಗೆ ಗಂಜಿ ಕೊಟ್ಟು ಉಳಿದದ್ದನ್ನು ಅವರ ಮನೆಯಲ್ಲಿ ಚೆಲ್ಲುವ ರೂಢಿಯಿಲ್ಲ. ಕರಿಬೇವಿನ ಬುಡಕ್ಕೆ ಹೋಗುತ್ತದೆ. ಅವಳು ಅದನ್ನೇ ಅಕ್ಕರೆಯಿಂದ ಜುಟ್ಟಿನ ನಡುವೆ ಸುರಿದಳು. ಎಲೆಗಳ ಸಂದಿಯಲ್ಲಿ ಗಂಜಿ ನಿಂತು ಹುಳಿಯಿತು. ಮುಟ್ಟಿದರೆ ಸುಳಿ ಕೈಗೇ ಬಂತು.

"ನೀರ ಸಾಕಿತ್ತಲ್ಲವ್ವಾ. ಗಂಜಿ ಕೊಟ್ಟು ಅದನ್ನೇನ ಮಗ್ಗಕ್ಕ ಏರಸಾಕಿದ್ದೇನು?" ಎಂದು ನಗುತ್ತ ಜರೀನಾ ಇನ್ನೊಂದು ಕೊಟ್ಟಳು. ಬಾಳವ್ವ ಈ ಸಲ ಕೆಳಗಿನ ಎಲೆ ಕಿತ್ತು, ಬುಡ ಆರಲು ಬಿಟ್ಟು, ಎಣ್ಣೆ ಡಬ್ಬಿಗೆ ಮರಳುಮಣ್ಣು ತುಂಬಿ ನೆಟ್ಟಳು. ಬೇಸಿಗೆಯಲ್ಲಿ ಹಳೆ ಸೀರೆ ಕಟ್ಟಿ ನೆರಳು ಮಾಡಿದಳು. ವರ್ಷ ಹೋಯಿತು, ಇನ್ನೊಂದೂ ಹೋಯಿತು. ಗಿಡ ಎಲೆ ಬಿಟ್ಟಿತೇ ಹೊರತು ಹಣ್ಣಿನ ಸುದ್ದಿ ಎತ್ತಲಿಲ್ಲ. ದಿನಾ ಬೆಳಿಗ್ಗೆ ಅದರೊಳಗೆ ಇಣುಕಿ ನೋಡಿ, ಅವಳು ಮತ್ತೆ ಕುಣಿಗೆ ಇಳಿಯುತ್ತಿದ್ದಳು.

ಮೂರನೆಯ ಬೇಸಿಗೆಗೆ ಸುಳಿಯಲ್ಲಿ ಕೆಂಪಗೆ ಏನೋ ಕಂಡಿತು. ಶ್ರಾವಣದ ಹೊತ್ತಿಗೆ ಮುಷ್ಟಿಗಿಂತ ತುಸು ದೊಡ್ಡ ಹಣ್ಣಾಯಿತು. ಅವಳು ಅದನ್ನು ಕೊಯ್ದು, ಹೋಳು ಮಾಡಿ, ತಟ್ಟೆಯಲ್ಲಿಟ್ಟು ಗಂಡನ ಮುಂದೆ ಹಿಡಿದಳು. ಯಮನೂರಪ್ಪ ಒಂದು ಹೋಳು ತಿಂದ, ಇನ್ನೊಂದು ತಿಂದ. ಆಮೇಲೆ ಅವಳ ಮುಖ ನೋಡದೆ, "ಸೀ ಐತಿ. ಇದರ ಜುಟ್ಟನೂ ಹಚ್ಚು" ಎಂದ.

ಬಾಳವ್ವನಿಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಅದಕ್ಕೂ ಮೈಯಲ್ಲಿ ಕಸುವು ಬೇಕಲ್ಲ.

"ಮತ್ತ ಮೂರ ವರ್ಷೇನ್ರಿ?" ಎಂದಳು.

ಯಮನೂರಪ್ಪ ತಟ್ಟೆಯನ್ನು ಅವಳ ಕಡೆ ಸರಿಸಿದ. "ಒಂದ ಮಗ್ಗದ ಸಪ್ಪಳಕ್ಕ ನನ್ನ ಕೈ ಓಡಂಗಿಲ್ಲ ಬಾಳವ್ವಾ" ಎಂದ. "ನೀ ಬಾಜೂ ಇರಬೇಕು."

ಇಷ್ಟು ವರ್ಷದಲ್ಲಿ ಅವನು ಒಮ್ಮೆಯೂ ಆಡದ ಮಾತು ಅದು. ಆದರೆ ಮೊಣಕಾಲಿನ ನೋವು ಅದರಿಂದ ಕಡಿಮೆಯಾಗಲಿಲ್ಲ. ಮಣೆ ತಂದು ಅವನ ಮಗ್ಗದ ಪಕ್ಕಕ್ಕೆ ಹಾಕಿ, ನೆಲದ ಮೇಲೆ ಎರಡೂ ಕಾಲು ಉದ್ದಕ್ಕೆ ಚಾಚಿ ಕೂತಳು.

"ನಾ ಇಲ್ಲೇ ಕುಂದರತೇನಿ. ನೂಲ ಸುತ್ತಿ ಕೊಡತೇನಿ. ಕಾಲ ಮಾತ್ರ ಇನ್ನ ಕೆಳಗ ಬಿಡಂಗಿಲ್ಲರಿ."