ರಟ್ಟಿನ ಮೇಲೆ ಎಣ್ಣೆ ಓದಿದವರು

ಹೊಸ ಗಾಡಿಯಿಂದ ಕೆಲಸ ತೆಗೆಯುವುದು ಯಾರಿಗಾದರೂ ಬಂದೀತು. ನಾಲ್ಕು ಲಕ್ಷ ಕಿಲೋಮೀಟರ್ ಓಡಿ ಸುಸ್ತಾದ ಇಂಜಿನ್ನಿನಿಂದ ಇನ್ನೊಂದು ಲಕ್ಷ ಕಿಲೋಮೀಟರಿನ ದುಡಿಮೆಯನ್ನು ಗೌರವದಿಂದ ಕೇಳಿ ಪಡೆಯುವ ವಿದ್ಯೆ ಕೆಲವರಿಗೆ ಮಾತ್ರ ಒಲಿಯುತ್ತದೆ. ನಮ್ಮ ಆಸ್ಪತ್ರೆಯ ವಾಹನ ವಿಭಾಗದಲ್ಲಿ ಮೂವತ್ತೆಂಟು ವರ್ಷ ಸೇವೆ ಸಲ್ಲಿಸಿ ಈ ತಿಂಗಳು ನಿವೃತ್ತರಾಗುತ್ತಿರುವ ಹಿರಿಯ ಮೇಸ್ತ್ರಿಗಳು ಆ ಕೆಲವರಲ್ಲಿ ಅಗ್ರಗಣ್ಯರು. ಅವರ ಕುರಿತು ಬರೆಯುವ ಭಾಗ್ಯ, ಅವರಿಂದ ಅತಿ ಹೆಚ್ಚು ಬೈಸಿಕೊಂಡವಳೆಂಬ ಅರ್ಹತೆಯ ಮೇಲೆ ನನ್ನ ಪಾಲಿಗೆ ಬಂದಿದೆ.

ಬೆನ್ನ ಹಿಂದೆ ನಾವೆಲ್ಲ ಅವರನ್ನು ‘ರಟ್ಟಿನ ಮೇಸ್ತ್ರಿ’ ಎನ್ನುತ್ತೇವೆ. ಸಂಜೆ ಗಾಡಿಗಳು ಬಂದು ನಿಂತ ಕೂಡಲೆ ಪ್ರತಿಯೊಂದರ ಇಂಜಿನ್ನಿನ ಕೆಳಗೂ ಒಂದು ರಟ್ಟು ಹಾಸುವುದು, ಬೆಳಿಗ್ಗೆ ಕಾಫಿಗೂ ಮೊದಲು ಅವನ್ನೆತ್ತಿ ಎಲ್ಲಿ ಎಷ್ಟು ಹನಿ ಬಿದ್ದಿದೆಯೆಂದು ಪತ್ರಿಕೆ ಓದುವಂತೆ ಓದುವುದು ಅವರ ತಪ್ಪದ ಪದ್ಧತಿ. “ಮನೇಲಿ ಒಂದು ಪೆಟ್ಟಿಗೇನೂ ಉಳಿಸಲ್ಲ ಕಣಮ್ಮ, ನನ್ನ ಮಿಕ್ಸಿ ಬಂದ ದಿನವೇ ಅದರ ಡಬ್ಬ ಹೋಯ್ತು” ಎಂದು ಅವರ ಮನೆಯವರು ನನ್ನೆದುರು ಅಲವತ್ತುಕೊಂಡದ್ದುಂಟು.

ಹದಿನಾರು ವರ್ಷಗಳ ಹಿಂದೆ ನಾನು ಇಲ್ಲಿಗೆ ಎಂಜಿನಿಯರಾಗಿ ಬಂದೆ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ, ಆದರೆ ತಲೆಯ ತುಂಬ ಪುಸ್ತಕವಿತ್ತು. ಡಯಾಲಿಸಿಸ್ ರೋಗಿಗಳನ್ನು ವಾರಕ್ಕೆ ಮೂರು ಸಲ ಕರೆತರುವ ನಮ್ಮ ಹಳೆಯ ವ್ಯಾನಿಗೆ ಅಲ್ಲಿಯವರೆಗೆ ಸಾದಾ ಆಯಿಲ್ ಹಾಕುತ್ತಿದ್ದರು. ನಾನು ಯಾರನ್ನೂ ಕೇಳದೆ ದುಬಾರಿಯ ಸಿಂಥೆಟಿಕ್ ಆಯಿಲ್ ಹಾಕಿಸಿದೆ. ಮೇಸ್ತ್ರಿಗಳು ಕೈಕಟ್ಟಿ ನಿಂತು ನೋಡಿದರೇ ಹೊರತು ತುಟಿ ಎರಡು ಮಾಡಲಿಲ್ಲ. ಒಪ್ಪಿಗೆಯೆಂದೇ ನಾನು ತಿಳಿದೆ.

ಎರಡು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ರಟ್ಟಿನ ಮೇಲೆ ಊಟದ ತಟ್ಟೆಯಗಲದ ಕಲೆ ಬಿದ್ದಿತ್ತು. ಇಂಜಿನ್ನಿನೊಳಗೆ ವರ್ಷಗಳಿಂದ ಕಟ್ಟಿದ್ದ ಕರಿ ಜಿಡ್ಡೇ, ಆಯಿಲ್ ಸೋರದಂತೆ ತಡೆಯಬೇಕಾದ ಸವೆದ ಸೀಲಿನ ಸಂದನ್ನು ಮುಚ್ಚಿತ್ತು. ಹೊಸ ಆಯಿಲ್ ತನ್ನ ಧರ್ಮದಂತೆ ಜಿಡ್ಡನ್ನು ತೊಳೆದಿತ್ತು. ಮೇಸ್ತ್ರಿಗಳು ಚಾಲಕನ ಕೈಯಿಂದ ವ್ಯಾನಿನ ಕೀಲಿ ಕಿತ್ತುಕೊಂಡು, ಲಾಂಡ್ರಿ ಗಾಡಿಯಿಂದ ಬಟ್ಟೆಯ ಗಂಟುಗಳನ್ನು ಇಳಿಸಿ, ತೊಳೆಸಿ, ಕುರ್ಚಿ ಬಿಗಿದು ಆ ದಿನದ ರೋಗಿಗಳನ್ನು ಹೇಗೋ ಸಮಯಕ್ಕೆ ಕರೆತರಿಸಿದರು.

ಮಧ್ಯಾಹ್ನ ಅಧೀಕ್ಷಕರ ಕೋಣೆಯಲ್ಲಿ ವಿಚಾರಣೆ. ಸಿಂಥೆಟಿಕ್ ಹಾಕುವ ತೀರ್ಮಾನ ಯಾರದೆಂದು ಅವರು ಕೇಳಿದರು. ನನ್ನದೆಂದೆ. ಕೆಲಸ ಹೋಯಿತೆಂದೇ ಅಂದುಕೊಂಡೆ.

“ಆಯಿಲ್‌ದೇನೂ ತಪ್ಪಿಲ್ಲ ಸಾರ್,” ಎಂದರು ಮೇಸ್ತ್ರಿಗಳು. “ಆ ಸೀಲು ಸವೆದಿರೋದು ನಂಗೆ ಎರಡು ವರ್ಷದಿಂದ ಗೊತ್ತಿತ್ತು. ಇವರು ನನ್ನನ್ನ ಒಂದು ಮಾತು ಕೇಳಲಿಲ್ಲ ಅಂತ ಮುನಿಸು. ಬಾಯಿ ಮುಚ್ಕೊಂಡು ನಿಂತಿದ್ದೆ. ಬರೆಯೋದಿದ್ರೆ ನನ್ನ ಹೆಸರು ಬರ್ಕೊಳ್ಳಿ.”

ನಿಜ ಹೇಳಬೇಕೆಂದರೆ, ನನಗೆ ಕೃತಜ್ಞತೆಗಿಂತ ಮೊದಲು ಬಂದದ್ದು ಸಿಟ್ಟು. ಗೊತ್ತಿದ್ದೂ ಸುಮ್ಮನಿದ್ದರಲ್ಲ! ಅವರಿಗೆ ಎಚ್ಚರಿಕೆ ಪತ್ರ ಬಂತು, ನನ್ನ ಕೆಲಸ ಖಾಯಂ ಆಯಿತು. ಒಂದು ತಿಂಗಳು ನಾವಿಬ್ಬರೂ ನಟ್ಟು ಬಿಚ್ಚುವ ಪಾನಾ ಕೊಡುವುದಕ್ಕಷ್ಟೇ ಮಾತಾಡಿದೆವು.

ಸೀಲು ಬದಲಿಸಿದ ಮೇಲೆ ಹೆದರಿಕೆಯಿಂದ ನಾನು ಸಾದಾ ಆಯಿಲ್ಲಿಗೇ ಮರಳೋಣವೆಂದೆ. ಅವರು ಸುತರಾಂ ಒಪ್ಪಲಿಲ್ಲ. “ಬಿಸಿಲಲ್ಲಿ ಇಂಜಿನ್ ಆಫ್ ಮಾಡದೆ ಗಂಟೆಗಟ್ಟಲೆ ನಿಲ್ಲೋ ಗಾಡಿ ಇದು. ನೀವು ಆರಿಸಿದ್ದೇ ಸರಿ ಮೇಡಂ. ಮೊದಲು ಸೀಲು ನೋಡ್ಬೇಕಿತ್ತು, ಅಷ್ಟೇ.” ಆ ವ್ಯಾನು ಆಮೇಲೆ ಒಂದೂವರೆ ಲಕ್ಷ ಕಿಲೋಮೀಟರ್ ಓಡಿತು. ಲಾಂಡ್ರಿ ಗಾಡಿಗೆ ಮಾತ್ರ, ಬೇಗ ಬೇಗ ಬದಲಿಸಿಕೊಂಡು, ಇಂದಿಗೂ ಸಾದಾ ಆಯಿಲ್ಲೇ. ತಮ್ಮ ಕಾರಿನ ಹಳೆಯ ಇಂಜಿನ್ನಿಗೆ ಯಾವ ಆಯಿಲ್ ಒಳ್ಳೆಯದೆಂದು ಕೇಳಿಕೊಂಡು ಬರುವ ವೈದ್ಯರಿಗೂ ಅವರದು ಒಂದೇ ಉತ್ತರ: “ಮೊದಲು ಕೆಳಗೊಂದು ರಟ್ಟು ಹಾಕಿ, ನಾಳೆ ಬನ್ನಿ.” ಯಾವಾಗಲೋ ನಾನು ಅವರಿಗೆ ‘ಮೇಡಂ’ನಿಂದ ‘ಏನಮ್ಮಾ’ ಆದೆ. ಆ ಬಡ್ತಿಯೇ ನನಗೆ ದೊಡ್ಡದು.

ಕಳೆದ ವಾರ ಅವರ ಕಬ್ಬಿಣದ ಬೀರು ಖಾಲಿ ಮಾಡಲು ಕೈಜೋಡಿಸಿದೆ. ಬಾಗಿಲಿನ ಒಳಮೈಗೆ ಒಂದು ರಟ್ಟು ಅಂಟಿಸಿತ್ತು. ತಟ್ಟೆಯಗಲದ ಕಲೆ, ಹದಿನಾರು ವರ್ಷ ಹಿಂದಿನ ತಾರೀಖು, ಅದರ ಕೆಳಗೆ ಅವರ ಅಕ್ಷರದಲ್ಲಿ ಒಂದೇ ಪದ: ‘ಹೇಳಬೇಕಿತ್ತು.’ ದಿನ ಬೆಳಗಾದರೆ ಪಾನಾ ತೆಗೆಯಲು ಆ ಬಾಗಿಲು ತೆರೆದವರು ಅವರು. ನನಗೆ ಅಳು ತಡೆಯಲಾಗಲಿಲ್ಲ. ಜೇಬಿನ ಪೆನ್ನು ತೆಗೆದು ಅದರ ಕೆಳಗೆ ನಾನು ಬರೆದೆ: ‘ಕೇಳಬೇಕಿತ್ತು.’

ಅವರು ಕನ್ನಡಕ ಏರಿಸಿ ಓದಿದರು. “ಏನಮ್ಮಾ, ಅಕ್ಷರ ಇನ್ನೂ ಸುಧಾರಿಸಿಲ್ಲ” ಎಂದರು.

ನಮ್ಮ ಹಿರಿಯರು ಆಯುರಾರೋಗ್ಯದಿಂದ ನೂರು ವರ್ಷ ಬಾಳಲಿ. ಮನೆಯಲ್ಲಿ ಒಂದೆರಡು ಡಬ್ಬಗಳನ್ನಾದರೂ ಉಳಿಸಲಿ. ರಟ್ಟು ಆ ಬಾಗಿಲಿನಲ್ಲೇ ಇದೆ, ಬೀರು ಈಗ ನನ್ನದು. ಕೇಳಿದಾಗ ಅವರು ಬಂದೇ ಬರುತ್ತಾರೆಂದು ಬಲ್ಲೆ. ಕೇಳಲು ನಾವು ಮರೆತ ದಿನವೂ ಬರಲಿ, ಬಂದು ಹೇಳಲಿ.